ಚಿತ್ರ ತೆಗೀರಿ ಅಂದೆ

ರಾಯಚೂರಿನಲ್ಲಿ ಒಂದು ಕಾಲಕ್ಕೆ ಆರ್ಟ್ ಗ್ಯಾಲರಿ ಇತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ, ಆಗಲೂ ಜನ ನಗುತ್ತಿದ್ದರು. ಎಪ್ಪತ್ತರ ದಶಕದ ಮಧ್ಯದಲ್ಲಿ ನಾವು ಆರು ಜನ ಸೇರಿ, ತೀನ್ ಕಂದೀಲ್ ಹತ್ತಿರ ಒಬ್ಬ ಹತ್ತಿ ವ್ಯಾಪಾರಿಯ ಕೈಕಾಲು ಹಿಡಿದು ಅವರ ಮಹಡಿಯ ಉದ್ದನೆಯ ಕೋಣೆಯನ್ನು ಬಿಡಿಸಿಕೊಂಡಿದ್ದೆವು. ಗೋಡೆಗೆ ಸುಣ್ಣ ಹೊಡೆಸಿ, ಸಾಲಾಗಿ ಮೊಳೆ ಬಡಿದು, ಬಾಗಿಲ ಮೇಲೆ ‘ಗ್ಯಾಲರಿ’ ಎಂದು ಬರೆಸಿದೆವು. ಕೆಳಗೆ ಹತ್ತಿಯ ಅಂಡಿಗೆ ಚೀಲಗಳು ಇಳಿಯುತ್ತಿದ್ದವು. ಅರಳೆಯ ಎಳೆ ಮೆಟ್ಟಿಲೇರಿ ಬಂದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ನನ್ನ ಒಂದು ನೀಲಿ ಕುದುರೆಗೆ ಹಾಗೆ ಗಡ್ಡವೇ ಬಂದಿತ್ತು. ಒಬ್ಬ ಹಮಾಲ ಮೇಲೆ ಹತ್ತಿ ಬಂದು ಸುತ್ತ ನೋಡಿ, “ಗ್ಯಾಲರಿ ಅಂದ್ರ ಸರ್ಕಸ್ಸಿನಾಗ ಮ್ಯಾಲ ಕುಂದ್ರತಾರಲ್ರಿ, ಅದಲ್ಲೇನ್ರಿ?” ಎಂದು ಕೇಳಿದ. ಅಲ್ಲಪ್ಪ ಎಂದೆವು. ಸರ್ಕಸ್ಸಿನವರಾದರೂ ಕೆಳಗೆ ಬಿದ್ದರೆ ಬಲೆ ಕಟ್ಟಿರುತ್ತಾರೆ, ನಮಗೆ ಅದೂ ಇರಲಿಲ್ಲ.

ನಾನು ಆಗ ಮಾನ್ವಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ನಮ್ಮಪ್ಪ ನಮ್ಮವ್ವ ಕೂಲಿ ಮಾಡಿ ನನ್ನನ್ನು ಓದಿಸಿದ್ದರು. ನಮ್ಮ ಓಣಿಯಲ್ಲಿ ಸರ್ಕಾರಿ ಪಗಾರದ ಮುಖ ಕಂಡವನು ನಾನೇ ಮೊದಲು. ಕಲಬುರ್ಗಿಗೆ ಹೋಗಿ ಚಿತ್ರಕಲೆಯ ಡಿಪ್ಲೊಮಾ ಮಾಡಿಕೊಂಡು ಬಂದಿದ್ದೆ, ಅದನ್ನು ಕಟ್ಟು ಹಾಕಿಸಿ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದೆ. ಈ ಹಿನ್ನೆಲೆಯನ್ನು ಏಕೆ ಹೇಳುತ್ತಿದ್ದೇನೆಂದರೆ, ನಾನು ‘ಕಲಾವಿದ’ ಎನ್ನಿಸಿಕೊಳ್ಳಲು ಎಷ್ಟು ಹಸಿದಿದ್ದೆ ಎಂಬುದು ಓದುವವರಿಗೆ ತಿಳಿಯಲಿ ಎಂದು. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮಾಸ್ತರ ಎನ್ನುತ್ತಿರಲಿಲ್ಲ, ಕಲಾವಿದ ಎನ್ನುತ್ತಿದ್ದೆ. ಅವರು ನಾಟಕ ಕಂಪನಿಯವನೆಂದು ತಿಳಿದು ಹಾಡು ಹೇಳು ಎನ್ನುತ್ತಿದ್ದರು.

ನಮ್ಮ ಶಾಲೆಯ ಬೋರ್ಡು ಬರೆಯಲು ಒಂದು ವರ್ಷ ದೇವದುರ್ಗದಿಂದ ಒಬ್ಬ ಪೇಂಟರು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಸಣಕಲು ಮೈ, ಬಿಳಿ ಪೈಜಾಮದ ತುಂಬ ಎನಾಮಲ್ ಬಣ್ಣದ ಚುಕ್ಕೆ. ಅವರ ಮನೆಯವರೆಲ್ಲ ಸಂತೆಯಲ್ಲಿ ಬಟ್ಟೆ ವ್ಯಾಪಾರ ಮಾಡುವವರು, ಇವರೊಬ್ಬರೇ ಕುಂಚ ಹಿಡಿದವರು. ಮನೆಯಲ್ಲಿ ದಖ್ಖನಿ, ಹೊರಗೆ ನಮ್ಮ ಕನ್ನಡ. ದೇವದುರ್ಗ, ಮಾನ್ವಿ, ರಾಯಚೂರು ಮೂರೂ ಕಡೆ ಅಂಗಡಿ ಬೋರ್ಡು ಬರೆಯುತ್ತಿದ್ದರು. ಕನ್ನಡ, ಉರ್ದು, ತೆಲುಗು, ಇಂಗ್ಲಿಷು, ಯಾವ ಲಿಪಿ ಕೇಳಿದರೂ ದಾರ ಎಳೆದು ಗೀಟು ಹೊಡೆದುಕೊಂಡು ಒಂದೇ ಉಸಿರಿಗೆ ಬರೆದುಬಿಡುತ್ತಿದ್ದರು. ಎಲ್ಲರೂ ಅವರನ್ನು ಪೇಂಟರ್ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಶಾಲೆಯ ಕೆಲಸ ಮುಗಿದ ದಿನ ಅವರು ಕೈ ಒರೆಸಿಕೊಳ್ಳುತ್ತ, “ಮಾಸ್ತರ, ನೀವು ಚಿತ್ರ ಓದಿದಾವ್ರು. ನಮ್ಮ ಮನಿಗೆ ಒಮ್ಮಿ ಬರ್ರಿ. ಒಂದಿಷ್ಟು ತಗಡು ಅದಾವ, ನೋಡಿ ಹೇಳ್ರಿ” ಎಂದರು. ಏನು ತಗಡು ಎಂದು ಕೇಳಿದರೆ ನಾಚಿಕೊಂಡರು. ಮುಂದಿನ ರಜೆಗೆ ದೇವದುರ್ಗಕ್ಕೆ ಹೋದೆ.

ಹೊರಸಿನ ಹಿಂದಿನಿಂದ ಅವರು ಒಂದೊಂದಾಗಿ ಎಂಟು ತಗಡು ಹೊರಗೆ ತಂದು ಅಂಗಳದ ಗೋಡೆಗೆ ಆನಿಸಿ ಇಟ್ಟರು. ಎಲ್ಲವೂ ಹಳೆಯ ಅಂಗಡಿ ಬೋರ್ಡುಗಳು. ಹೊಸ ಬೋರ್ಡು ಬರೆಸಿದವರು ಹಳೆಯದನ್ನು ಇವರಿಗೇ ಬಿಟ್ಟುಬಿಡುತ್ತಿದ್ದರು. ಅಂಥ ಬೋರ್ಡಿನ ಮೇಲೆ ಎಷ್ಟೋ ವರ್ಷಗಳ ಬಣ್ಣ ಕೂತಿರುತ್ತದೆ. ಮೇಲೆ ಕನ್ನಡ, ಅದರ ಕೆಳಗೆ ತೆಲುಗು, ಎಲ್ಲಕ್ಕಿಂತ ಕೆಳಗೆ ನಿಜಾಮರ ಕಾಲದ ಉರ್ದು. ಇವರು ಸೀಮೆಎಣ್ಣೆ ಹಾಕಿ, ಇಟ್ಟಿಗೆ ಚೂರಿನಿಂದ ತಿಕ್ಕಿ, ಒಂದೊಂದು ಕಡೆ ಒಂದೊಂದು ಆಳಕ್ಕೆ ಕೆರೆದು ನಿಲ್ಲಿಸಿದ್ದರು. ಅಲ್ಲಲ್ಲಿ ತಮ್ಮದೊಂದು ಬಣ್ಣ ಸೇರಿಸಿದ್ದರು. ಒಂದು ‘ಕ’ದ ಹೊಟ್ಟೆಯೊಳಗಿಂದ ಉರ್ದುವಿನ ಬಾಲ ಹೊರಗೆ ಬರುತ್ತಿತ್ತು. ಯಾವುದೂ ಓದಲು ಬರುತ್ತಿರಲಿಲ್ಲ, ಆದರೆ ನಿಮ್ಮನ್ನು ಯಾರೋ ಕರೆದ ಹಾಗೆ ಅನ್ನಿಸುತ್ತಿತ್ತು. ಮನುಷ್ಯರ ಮುಖ ಅವರು ಚಿತ್ರಿಸುತ್ತಿರಲಿಲ್ಲ, ಮನೆಯ ಹಿರಿಯರು ಬೇಡವೆಂದಿದ್ದರು. ಅದರಿಂದಲೇ ಅವರಿಗೆ ಈ ದಾರಿ ಸಿಕ್ಕಿತ್ತೋ ಏನೋ.

ನಾನು ವರ್ಷಗಟ್ಟಲೆ ಪತ್ರಿಕೆಗಳ ಬಣ್ಣದ ಪುಟ ನೋಡಿ ನೋಡಿ ಮೂಗು ಸೊಟ್ಟಗಾದ ಹೆಂಗಸರನ್ನೂ ನೀಲಿ ಕುದುರೆಯನ್ನೂ ಮಾಡಿ, ಇದು ನವ್ಯ ಎಂದು ಬೀಗುತ್ತಿದ್ದೆ. ಈ ಮನುಷ್ಯ ಯಾರನ್ನೂ ನೋಡದೆ, ಯಾವ ಪುಸ್ತಕವನ್ನೂ ತೆರೆಯದೆ, ತನ್ನ ಕೈಕೆಲಸದ ಒಳಗಿನಿಂದಲೇ ಇದನ್ನು ಎತ್ತಿ ತಂದಿದ್ದರು.

“ಹ್ಯಾಂಗ ಅದಾವ್ರಿ?” ಎಂದು ಅವರು ಕೇಳಿದರು.

“ಛಲೋ ಅದಾವ್ರಿ ಸಾಹೇಬ್ರ. ಭಾಳ ಛಲೋ ಅದಾವ” ಎಂದೆ. ಅದೊಂದು ಮಾತನ್ನು ಆವತ್ತು ಪ್ರಾಮಾಣಿಕವಾಗಿಯೇ ಹೇಳಿದೆ.

ಅವರ ಕಣ್ಣು ತುಂಬಿ ಬಂತು. ಈ ತಗಡುಗಳನ್ನು ಅವರು ಅದುವರೆಗೆ ಹೊರಗಿನವರಿಗೆ ತೋರಿಸಿರಲಿಲ್ಲ. ಮನೆಯಲ್ಲಿ ತಂದೆ ಇದನ್ನು ನೋಡಿ, ಅಂಗಡಿಯ ಹೆಸರಿಲ್ಲದ ಬೋರ್ಡು ಯಾರ ಉಪಯೋಗಕ್ಕೆ ಎಂದು ಗೇಲಿ ಮಾಡಿದ್ದರಂತೆ. “ಒಮ್ಮಿ ದೊಡ್ಡ ಊರಾಗ, ತಿಳಿದಾವ್ರ ನಡುವ ಇದನ್ನ ತೂಗುಹಾಕಿದ್ರ ಸಾಕ್ರಿ. ನಾ ಬರೇ ಬೋರ್ಡ್ ಬರಿಯಾಂವ ಅಲ್ಲಂತ ನಮ್ಮ ಅಬ್ಬಾಗ ಗೊತ್ತಾಗಬೇಕ್ರಿ” ಎಂದರು. ಅವರ ತಂದೆಗೆ ಆಗಲೇ ವಯಸ್ಸಾಗಿತ್ತು, ಕಣ್ಣು ಮಂಜಾಗುತ್ತ ಬಂದಿತ್ತು.

ನಾನೇ ಅವರನ್ನು ನಮ್ಮ ಗುಂಪಿಗೆ ಸೇರಿಸಿದೆ. ಗುಂಪಿನ ಕಾರ್ಯದರ್ಶಿಗಳು ರಾಯಚೂರಿನ ಒಬ್ಬ ವಕೀಲರು. ಬೋರ್ಡ್ ಪೇಂಟರನ್ನು ಕಲಾವಿದರ ಸಾಲಿನಲ್ಲಿ ನಿಲ್ಲಿಸುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ನಾನು ವಾದ ಮಾಡಿ ಒಪ್ಪಿಸಿದೆ. ಆ ವಾದ ಮಾಡುವಾಗ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆ ಇತ್ತು. ಒಬ್ಬರ ಕೈ ಹಿಡಿದು ಮೇಲೆತ್ತುವುದು ಸುಖದ ಕೆಲಸ, ಅವರು ನಮಗಿಂತ ಮೇಲೆ ಹೋಗದಿರುವ ತನಕ.

ಎರಡು ವರ್ಷ ಅವರ ತಗಡುಗಳು ಬಾಗಿಲ ಹಿಂದಿನ ಗೋಡೆಯಲ್ಲಿ ತೂಗಿದವು. ವಕೀಲರು ಅವಕ್ಕೆ ಕೊಟ್ಟ ಜಾಗ ಅದು. ಚಂದ್ರಬಂಡದ ಕಡೆಯ ಒಬ್ಬ ರೈತ ಹತ್ತಿ ಇಳಿಸಿ ಮೇಲೆ ಬಂದವನು ಅದರ ಮುಂದೆ ನಿಂತು ಓದಲು ನೋಡಿ ಸೋತು, “ಯಾರ ಅಂಗಡಿರಿ ಇದು? ಮುಚ್ಚಿ ಭಾಳ ದಿನ ಆಗಿರಬೇಕು” ಎಂದ. ಪೇಂಟರ್ ಸಾಹೇಬರು ಅದನ್ನು ಹೊಗಳಿಕೆಯೆಂದು ತೆಗೆದುಕೊಂಡು ದಿನವೆಲ್ಲ ಖುಷಿಯಲ್ಲಿದ್ದರು. ನನ್ನ ಕುದುರೆಯ ಮುಂದೆ ಆ ರೈತ ನಿಲ್ಲಲೂ ಇಲ್ಲ.

ಮೂರನೆಯ ವರ್ಷ ಬೆಂಗಳೂರಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ ಎಂದು ಸುದ್ದಿ ಬಂತು. ರಾಜಧಾನಿಯಲ್ಲಿ ದೊಡ್ಡ ಪ್ರದರ್ಶನ ನಡೆಯಲಿತ್ತು, ಅದಕ್ಕೆ ನಮ್ಮ ಜಿಲ್ಲೆಯಿಂದ ಒಂದೇ ಒಂದು ಚಿತ್ರ ಆರಿಸುವವರಿದ್ದರು. ಗುಂಪಿನ ಎಲ್ಲರಿಗೂ ನಿದ್ದೆ ಹಾರಿಹೋಯಿತು. ನಾನು ಮೂರು ತಿಂಗಳು ಕೂತು ಒಂದು ದೊಡ್ಡ ಕ್ಯಾನ್ವಾಸು ಮಾಡಿದೆ: ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರು, ನಾಲ್ವರಿಗೂ ಮೂಗು ಸೊಟ್ಟ. ಪೇಂಟರ್ ಸಾಹೇಬರು ದೇವದುರ್ಗದ ಬಸ್ಸಿನ ಮೇಲೆ, ಕೌದಿಯಲ್ಲಿ ಸುತ್ತಿ, ತಮ್ಮ ಎಲ್ಲಕ್ಕಿಂತ ದೊಡ್ಡ ತಗಡನ್ನು ತಂದರು. ಆ ಸಲ ಅದಕ್ಕೆ ಎದುರಿನ ಗೋಡೆಯ ನಡುವೆ ಜಾಗ ಸಿಕ್ಕಿತು. ಕಾರಣ ಬೇರೇನಿಲ್ಲ, ಆ ಭಾರ ತಡೆಯುವ ಮೊಳೆ ಅಲ್ಲೊಂದೇ ಇತ್ತು. ಬಂದ ದಿನವೇ ಅವರು ನನಗೆ, ಅಬ್ಬಾನನ್ನು ಬೆಂಗಳೂರಿಗೆ ರೈಲಿನಲ್ಲಿ ಕರೆದುಕೊಂಡು ಹೋಗುವ ಆಸೆ ಇದೆಯೆಂದು ಹೇಳಿದರು.

ಪರೀಕ್ಷಕರು ಬೆಳಗಿನ ರೈಲಿಗೆ ಇಳಿದು ನೇರ ಗ್ಯಾಲರಿಗೇ ಬಂದರು. ವಕೀಲರು ಸಂಜೆಯ ಸಮಾರಂಭದ ಮುಖ್ಯ ಅತಿಥಿಗಳನ್ನು ಕರೆತರಲು ಹೋಗಿದ್ದರು, ಮೇಲೆ ನಾನೊಬ್ಬನೇ ಇದ್ದೆ. ಅವರು ನನ್ನ ಬಾವಿಕಟ್ಟೆಯ ಮುಂದೆ ಒಂದು ಕ್ಷಣ ನಿಂತು, “ಹೂಂ, ಚೆನ್ನಾಗಿದೆ” ಎಂದು ಮುಂದೆ ಹೋದರು. ತಗಡಿನ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಹತ್ತಿರ ಹೋದರು, ಹಿಂದೆ ಸರಿದರು, ಕನ್ನಡಕ ತೆಗೆದು ನೋಡಿದರು, ಉಗುರಿನಿಂದ ಮೆಲ್ಲಗೆ ಮುಟ್ಟಿದರು.

“ಯಾರ್ದು ಮೇಷ್ಟ್ರೇ ಇದು?”

ಹೇಳಿದೆ.

“ಎಲ್ಲಿ ಕಲ್ತೋರು?”

“ಎಲ್ಲೂ ಕಲ್ತಿಲ್ಲ ಸರ್. ಬೋರ್ಡ್ ಬರೀತಾರೆ.”

ಅವರು ನನ್ನನ್ನು ನಂಬಲಿಲ್ಲ. “ಎಲ್ಲೋ ನೋಡಿ ಮಾಡಿರ್ಬೇಕು. ಇಲ್ಲಾ ನಿಜವಾಗ್ಲೂ ದೊಡ್ಡ ಕೈ. ಒಂದ್ ಕೆಲ್ಸ ಮಾಡಿ. ಅವ್ರು ಚಿತ್ರ ಬರೆಯೋದನ್ನ ನಾನು ಕಣ್ಣಾರೆ ನೋಡ್ಬೇಕು. ಸ್ನಾನ ಊಟ ಮುಗ್ಸಿ ನಾಲ್ಕು ಗಂಟೆಗೆ ಬರ್ತೀನಿ. ಆಗ ಇಲ್ಲೇ ಅರ್ಧ ಗಂಟೆ ಬರೀಲಿ. ಅವ್ರದ್ದೇ ಆದ್ರೆ ಇದೇ ಬೆಂಗಳೂರಿಗೆ ಹೋಗುತ್ತೆ, ಬೇರೆ ಮಾತೇ ಇಲ್ಲ” ಎಂದು ಹೇಳಿ ಪ್ರವಾಸಿ ಮಂದಿರಕ್ಕೆ ಹೋದರು.

ಈಗ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮೈಸೂರು ಬೆಂಗಳೂರಿನ ಕಡೆ ಚಿತ್ರ ಬರೆಯುತ್ತಾರೆ. ನಮ್ಮ ಕಡೆ ಪತ್ರ ಬರೆಯುತ್ತೇವೆ, ಬೋರ್ಡು ಬರೆಯುತ್ತೇವೆ. ಚಿತ್ರವನ್ನು ಮಾತ್ರ ‘ತೆಗೆಯುತ್ತೇವೆ’. ಶಾಲೆಯಲ್ಲಿ ನಾನು ದಿನವೂ ಮಕ್ಕಳಿಗೆ ಹೇಳುತ್ತಿದ್ದುದು ಅದನ್ನೇ: ಮಾವಿನಹಣ್ಣಿನ ಚಿತ್ರ ತೆಗೀರಿ, ಹೂಜಿಯ ಚಿತ್ರ ತೆಗೀರಿ. ಗೋಡೆಯ ಮೇಲಿನದನ್ನು ಕೆಳಗಿಳಿಸು ಎನ್ನುವುದಕ್ಕೂ ನಮ್ಮಲ್ಲಿ ಅದೇ ಮಾತು. ಹೇಳುವವನ ದನಿಯಿಂದ, ಹಿಂದೆ ಮುಂದೆ ಇರುವ ಒಂದೆರಡು ಪದದಿಂದ ಯಾವುದು ಯಾವುದೆಂದು ತಿಳಿಯುತ್ತದೆ. ಇದರಲ್ಲಿ ನಮ್ಮವರು ಯಾರೂ ಎಡವುವುದಿಲ್ಲ.

ಪೇಂಟರ್ ಸಾಹೇಬರು ಕೆಳಗೆ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಬೆಂಗಳೂರಿನವರು ಹೋದದ್ದನ್ನು ನೋಡಿ ಎದ್ದು ನಿಂತರು. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಅದರ ಮೇಲೆ ಒಂದೂ ಬಣ್ಣದ ಚುಕ್ಕೆ ಇರಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಏನೂ ಯೋಚಿಸಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮೆಟ್ಟಿಲಿನ ಮೇಲೆಯೇ ನನ್ನ ಡಿಪ್ಲೊಮಾ, ನನ್ನ ಮೂರು ತಿಂಗಳು, ನಮ್ಮ ಓಣಿ, ಎಲ್ಲ ನೆನಪಾಗಿದ್ದವು.

“ಏನಂದ್ರಿ ಮಾಸ್ತರ?” ಎಂದು ಕೇಳಿದರು.

“ಚಿತ್ರ ತೆಗೀರಿ ಅಂತ ಹೇಳ್ಯಾರ.”

“ನಂದೇನ್ರಿ?”

“ಹ್ಞೂಂ, ನಿಮ್ಮದ.”

“ಈಗೇನ್ರಿ?”

“ನಾಕು ಗಂಟೇಕ್ಕ ಅವರು ಬರ್ತಾರ.”

“ಮತ್ತೇನರ ಹೇಳಿದ್ರೇನ್ರಿ?”

“ಇಲ್ಲ. ಅಷ್ಟ.”

ಕೊನೆಯದೊಂದನ್ನು ಬಿಟ್ಟರೆ ನಾನು ಹೇಳಿದ ಒಂದು ಮಾತೂ ಸುಳ್ಳಲ್ಲ. ಯಾವ ಪಂಚಾಯಿತಿಯಲ್ಲಿ ಕೂರಿಸಿ ಕೇಳಿದರೂ ನಾನು ಗೆದ್ದುಬಿಡುತ್ತಿದ್ದೆ. ‘ಅವರ ಮುಂದ’ ಎನ್ನುವ ಎರಡು ಪದ ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ.

ಅವರು ಮೇಲೆ ಹೋದರು, ನಾನು ಹಿಂದೆ ಹೋದೆ. ತಗಡನ್ನು ಎರಡೂ ಕೈಯಿಂದ ಎತ್ತಿ ಮೊಳೆಯಿಂದ ಬಿಡಿಸಿ ಇಳಿಸಿದರು. ಅದು ಆನಿಕೊಂಡಿದ್ದ ಕಡೆ ಸುಣ್ಣದ ಮೇಲೆ ಗೀರು ಬಿದ್ದಿತ್ತು, ಅದನ್ನು ಅಂಗೈಯಿಂದ ತಿಕ್ಕಿ ಒರೆಸಿದರು. ಕೌದಿ ಹಾಸಿದರು, ಸುತ್ತಿದರು, ಹಗ್ಗ ಬಿಗಿದರು. ನಾನು ಹಗ್ಗದ ಒಂದು ತುದಿ ಹಿಡಿದುಕೊಂಡು ಸಹಾಯ ಮಾಡಿದೆ. ಹೌದು, ಸಹಾಯ ಮಾಡಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಬಗ್ಗೆ ನನಗೆ ಅಸಹ್ಯವಾಗುತ್ತದೆ.

“ಬರ್ತೀನ್ರಿ ಮಾಸ್ತರ” ಎಂದು ತಗಡನ್ನು ಹೆಗಲಿಗೆ ಏರಿಸಿಕೊಂಡು ಇಳಿದರು. ಬೀದಿಯಲ್ಲಿ ಹತ್ತಿ ಗಾಡಿಗಳ ನಡುವೆ ಅವರು ಬಸ್ ಸ್ಟ್ಯಾಂಡಿನ ಕಡೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ. ಕೂಗಿದ್ದರೆ ಕೇಳುವಷ್ಟು ಹತ್ತಿರ ಇದ್ದರು. ನಾನು ಕಿಟಕಿ ಬಿಟ್ಟು ಬಂದು ನನ್ನ ಬಾವಿಕಟ್ಟೆಯನ್ನು ಆ ಖಾಲಿ ಮೊಳೆಗೆ ತೂಗುಹಾಕಿದೆ.

ನಾಲ್ಕು ಗಂಟೆಗೆ ಪರೀಕ್ಷಕರು ಬಂದು ಗೋಡೆ ನೋಡಿದರು. “ಎಲ್ರೀ ಅವ್ರು?”

“ಹೋದ್ರು ಸರ್. ಚಿತ್ರಾನೂ ತಗೊಂಡು ಹೋದ್ರು.”

“ಯಾಕೆ?”

“ಗೊತ್ತಿಲ್ಲ ಸರ್” ಎಂದೆ. ಈ ಮಾತಿಗೆ ಎರಡು ಅರ್ಥ ಇರಲಿಲ್ಲ.

ಅವರು ತಲೆಯಾಡಿಸಿ ನಕ್ಕರು. “ಅಂದ್ಕೊಂಡೆ. ನಕಲು ಮಾಡಿದೋರು ಎದುರಿಗೆ ಕೂತು ಬರೆಯೋಕೆ ಹೆದರ್ತಾರೆ.” ವಕೀಲರು ಪಕ್ಕದಲ್ಲೇ ನಿಂತಿದ್ದರು. ನಾನು ಮೊದಲೇ ಹೇಳಿರಲಿಲ್ಲವೇ ಎಂಬಂತೆ ನನ್ನನ್ನು ನೋಡಿದರು. ಅಂದಿನಿಂದ ನಮ್ಮ ಗುಂಪಿನಲ್ಲಿ ಪೇಂಟರ್ ಸಾಹೇಬರ ಹೆಸರು ಬಂದಾಗಲೆಲ್ಲ ನಕಲಿನ ಮಾತೂ ಬರುತ್ತಿತ್ತು. ನಾನು ಒಂದು ಸಲವೂ ಅಲ್ಲ ಎನ್ನಲಿಲ್ಲ. ಸಂಜೆ ಬಾವಿಕಟ್ಟೆಯ ಮುಂದೆ ನಿಂತು ಪರೀಕ್ಷಕರು, “ಇನ್ನೇನ್ ಮಾಡೋದು, ಇದೇ ಇರ್ಲಿ” ಎಂದರು. ನನ್ನ ಜೀವನದ ದೊಡ್ಡ ಗೌರವ ಇಷ್ಟು ಮಾತಿನಲ್ಲಿ ಮುಗಿಯಿತು.

ಬೆಂಗಳೂರಿನಲ್ಲಿ ನನ್ನ ಚಿತ್ರವನ್ನು ಪಾಯಖಾನೆಗೆ ಹೋಗುವ ಓಣಿಯಲ್ಲಿ ಹಾಕಿದ್ದರು. ನಾಲ್ಕು ದಿನ ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಜನ ಬಹಳ ಬಂದರು, ಎಲ್ಲರೂ ಅವಸರದಲ್ಲಿದ್ದರು. ಚಿತ್ರ ರೈಲು ಪಾರ್ಸೆಲ್ಲಿನಲ್ಲಿ ವಾಪಸು ಬಂದಾಗ ಮೂಲೆ ಹರಿದಿತ್ತು, ಹಿಂದೆ ಇನ್ನಾರದೋ ಹೆಸರಿನ ಚೀಟಿ ಅಂಟಿಸಿದ್ದರು. ಆದರೂ ಮಾನ್ವಿಯಲ್ಲಿ ಶಾಲೆಯವರು ಹಾರ ಹಾಕಿದರು. ಹಾರ ಹಾಕಿಸಿಕೊಂಡೆ.

ಎಂಬತ್ತರ ದಶಕ ಶುರುವಾಗುವಷ್ಟರಲ್ಲಿ ವ್ಯಾಪಾರಿಗೆ ಮಹಡಿ ಬೇಕಾಯಿತು, ಗ್ಯಾಲರಿ ಮುಚ್ಚಿತು, ನಮ್ಮ ಗುಂಪು ಒಬ್ಬರನ್ನೊಬ್ಬರು ಬೈದುಕೊಂಡು ಚದುರಿತು. ನನಗೆ ಪೋತ್ನಾಳಕ್ಕೆ ವರ್ಗವಾಯಿತು. ಅಲ್ಲಿ ಬಸ್ಸಿಳಿದರೆ ಎದುರಿಗೆ ಕಿರಾಣಿ ಅಂಗಡಿಯ ಬೋರ್ಡು. ಪೇಂಟರ್ ಸಾಹೇಬರ ಅಕ್ಷರ. ಔಷಧಿ ಅಂಗಡಿ, ಹಿಟ್ಟಿನ ಗಿರಣಿ, ಸೈಕಲ್ ಶಾಪು, ಎಲ್ಲೆಲ್ಲೂ ಅವರದೇ ‘ಅ’, ಅವರದೇ ‘ಶ್ರೀ’. ಬೇರೆಯವರಿಗೆ ಅದು ಬರೀ ಬೋರ್ಡು. ನನಗೆ ಪ್ರತಿ ದಿನ ಬೆಳಿಗ್ಗೆ ಯಾರೋ ಹಾಜರಿ ಕೂಗಿದ ಹಾಗೆ ಆಗುತ್ತಿತ್ತು. ನಾನು ಬಣ್ಣ ಮುಟ್ಟುವುದನ್ನು ಬಿಟ್ಟೆ. ಮಕ್ಕಳಿಗೆ ಹೂಜಿ ಹೇಳಿಕೊಡುವಾಗ ಕರಿಹಲಗೆಯ ಮೇಲೆ ಸುಮ್ಮನೆ ಗೀಚಿ, “ನೋಡ್ಕೊಂಡು ಮಾಡ್ರಿ” ಎನ್ನುತ್ತಿದ್ದೆ. ಆ ಇನ್ನೊಂದು ಪದ ಬಾಯಿಗೆ ಬರುತ್ತಿರಲಿಲ್ಲ.

ಆ ಪ್ರದರ್ಶನವಾಗಿ ಎಂಟು ವರ್ಷದ ಮೇಲೆ ಡ್ರಾಯಿಂಗ್ ಪರೀಕ್ಷೆಯ ಕೆಲಸಕ್ಕೆ ದೇವದುರ್ಗಕ್ಕೆ ಹಾಕಿದರು. ಈ ಸಲ ಹೇಳಿಯೇ ಬಿಡಬೇಕೆಂದು ಗಟ್ಟಿ ಮಾಡಿಕೊಂಡು, ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ನಿಮಗೆ ತಪ್ಪು ತಿಳಿಯಲಿ ಎಂದೇ ಹಾಗೆ ಹೇಳಿದೆ, ನೀವು ಮೋಸ ಹೋದಿರಿ, ನನ್ನನ್ನು ಕ್ಷಮಿಸಿ, ಎಂದು. ಮಸರಕಲ್ ದಾಟುವಾಗ ಒಂದು ಸಲ ಇಳಿದು ವಾಪಸು ಹೋಗಿಬಿಡೋಣ ಎನಿಸಿತು. ಇಳಿಯಲಿಲ್ಲ.

ಅವರು ಅಂಗಳದಲ್ಲಿ ಕೂತು ಗೊಬ್ಬರದ ಅಂಗಡಿಯ ಬೋರ್ಡು ಬರೆಯುತ್ತಿದ್ದರು. ನನ್ನನ್ನು ನೋಡಿ ಎದ್ದರು, “ಬರ್ರಿ ಮಾಸ್ತರ, ಕೂಡ್ರಿ” ಎಂದು ಹೊರಸು ತೋರಿಸಿದರು. ಒಳಗೆ ಚಹಾಕ್ಕೆ ಹೇಳಿದರು. ಅಬ್ಬಾ ಹೇಗಿದ್ದಾರೆ ಎಂದು ಕೇಳಿದೆ. ಪ್ರದರ್ಶನವಾದ ಮರುವರ್ಷವೇ ತೀರಿಕೊಂಡರು ಎಂದರು. ಆ ತಗಡು ಎಲ್ಲಿದೆ ಎಂದೆ.

“ಎಲ್ಲಾ ಬಣ್ಣ ಹೊಡದು ಅಂಗಡಿಗೆ ಕೊಟ್ಟೆನ್ರಿ. ತಗಡ ಛಲೋ ಇದ್ವು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಜೋಡಿಸಿಕೊಂಡು ಬಂದಿದ್ದನ್ನು ಹೇಳತೊಡಗಿದೆ. “ಸಾಹೇಬ್ರ, ಅವತ್ತು ನಾ ಚಿತ್ರ ತೆಗೀರಿ ಅಂದದ್ದು, ನಿಮಗ ತಪ್ಪು ತಿಳೀತು. ಅವರು ಹೇಳಿದ್ದು ಬ್ಯಾರೆ ಇತ್ತು...”

“ನನಗ ತಿಳಿದಿತ್ರಿ” ಎಂದರು.

ಅವರು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ಕೆಳಗಿಟ್ಟರು.

“ಮೂವತ್ತು ವರ್ಷ ಆತು ಕುಂಚ ಹಿಡದು. ಚಿತ್ರ ತೆಗಿ ಅಂದ್ರ ತಿಳೀದಂಗ ಇರ್ತದೇನ್ರಿ? ಆ ಮನಷ್ಯಾ ಅಷ್ಟು ಹೊತ್ತು ನಿಂತು ನೋಡಿದ್ದು ಕೆಳಗಿಂದ ಕಿಟಕ್ಯಾಗ ನನಗೂ ಕಾಣತಿತ್ತು. ಅದಕ್ಕ ನಿಮ್ಮನ್ನ ಮೂರು ಸರ್ತಿ ಕೇಳಿದೆ. ನೀವು ಬಿಡಿಸಿ ಹೇಳ್ತೀರೇನೋ ಅಂತ.”

“ಮತ್ತ ಯಾಕ ಹೋದ್ರಿ?” ಎಂದೆ.

“ಆ ತಗಡ ನಾ ಮೊದಲ ತೋರಿಸಿದ್ದು ನಿಮಗ್ರಿ. ಛಲೋ ಅದಾವ ಅಂದಾವ್ರೂ ನೀವ. ನಿಮಗ ಅವು ಬ್ಯಾಡಾದ ಮ್ಯಾಲ ಬೆಂಗಳೂರಿನಾಗ ಯಾರಿಗೆ ತೋರಿಸ್ಲಿ?”

ಚಹಾ ಬಂತು, ಕುಡಿದೆ. ಅವರು ಮೋಸ ಹೋದರೆಂದು ಎಂಟು ವರ್ಷ ನಾನು ಒಳಗೊಳಗೇ ಅವರ ಮೇಲೆ ಕನಿಕರ ಪಟ್ಟಿದ್ದೆ, ಆ ಕನಿಕರದಲ್ಲೇ ಒಂದಿಷ್ಟು ದೊಡ್ಡವನೂ ಆಗಿದ್ದೆ. ಈಗ ಕ್ಷಮಿಸಿ ಎನ್ನಲು ಬಾಯಿ ತೆರೆದರೆ ಯಾವುದಕ್ಕೆ ಎಂದು ತಿಳಿಯಲಿಲ್ಲ. ಅವರು ಮತ್ತೆ ಬೋರ್ಡಿನ ಮುಂದೆ ಕೂತು ಅರ್ಧಕ್ಕೆ ನಿಂತಿದ್ದ ಅಕ್ಷರವನ್ನು ಮುಂದುವರಿಸಿದರು. ಬಣ್ಣ ಒಣಗುತ್ತದೆ, ತಡ ಮಾಡುವಂತಿಲ್ಲ ಎಂದರು. ನಾನು ಎದ್ದು, ಬರ್ತೀನಿ ಎಂದು ಹೇಳಿ, ಕ್ಷಮೆ ಕೇಳದೆಯೇ ಬಂದೆ.